ಚಾವಿ ಕೊಡುವ ಕೈಗಡಿಯಾರಗಳು

(ಆಕಾಶವಾಣಿ ಭಾಷಣ)



ಹೋದ ತಿಂಗಳು ರಾಣೇಬೆನ್ನೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡಿದ. ಬೀಜದ ವ್ಯಾಪಾರದಲ್ಲಿ ತಕ್ಕಮಟ್ಟಿಗೆ ಮುಂದೆ ಬಂದಿರುವ ಹುಡುಗ. ಹುಡುಗನೆಂದು ನಾನು ಅಭ್ಯಾಸದಿಂದ ಹೇಳುತ್ತೇನೆ, ಅವನಿಗೂ ಈಗ ಐವತ್ತರ ಸಮೀಪ ವಯಸ್ಸು. "ಸರ, ಪಾಕೆಟಾ ಅಂತ ಒಂದು ರಷ್ಯಾದ ವಾಚು ಮಾರಾಕ ಬಂದೈತ್ರಿ. ಹುಬ್ಬಳ್ಳಿಯವರದು. ಮೂರೂವರೆ ಸಾವಿರ ಅಂತಾರ. ತಗೊಳ್ಳಲೇನ್ರೀ?" ಎಂದು ಕೇಳಿದ. ಅಂಥ ಹೆಸರಿನ ಗಡಿಯಾರವನ್ನು ನಾನು ಕೇಳಿರಲಿಲ್ಲ. ಚಿತ್ರವನ್ನು ಕಳಿಸಲು ಹೇಳಿ, ಕನ್ನಡಕ ಹಾಕಿಕೊಂಡು ನೋಡಿದಾಗ ನಗು ಬಂತು. ರಷ್ಯನ್ ಲಿಪಿಯಲ್ಲಿ ರಕಾರದ ಅಕ್ಷರವು ನಮಗೆ ಪರಿಚಿತವಾದ ಇಂಗ್ಲಿಷಿನ ಪಿ ಅಕ್ಷರದಂತೆಯೇ ಇರುತ್ತದೆ. ಅವನು ಪಾಕೆಟಾ ಎಂದು ಓದಿದ್ದು ‘ರಕೇತ’. ಹಾಗೆಂದರೆ ರಾಕೆಟ್ಟು, ಕ್ಷಿಪಣಿ. ಅದೇ ಮುಖದ ಕೆಳಗಂಚಿನಲ್ಲಿ ಸಿಸಿಸಿಪಿ ಎಂದು ಕಾಣುತ್ತಿದ್ದುದು ಎಸ್.ಎಸ್.ಎಸ್.ಆರ್., ಅಂದರೆ ಸೋವಿಯತ್ ಒಕ್ಕೂಟ.

ಹಳೆಯ ಗಡಿಯಾರಗಳ ವಿಷಯದಲ್ಲಿ ನನಗೆ ಸ್ವಲ್ಪ ಹುಚ್ಚಿದೆ ಎಂಬುದು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನಡುವಿನ ನನ್ನ ಪರಿಚಯದವರಿಗೆಲ್ಲ ಗೊತ್ತು. ಕನ್ನಡದ ಮೇಷ್ಟ್ರಿಗೆ ಈ ಹುಚ್ಚು ಎಲ್ಲಿಂದ ಅಂಟಿತೆಂದು ಕೆಲವರು ಕೇಳುವುದುಂಟು. ನಮ್ಮ ಹಿರಿಯರು ತೂತುಳ್ಳ ಗಳಿಗೆ ಬಟ್ಟಲನ್ನು ನೀರಿನಲ್ಲಿ ತೇಲಬಿಟ್ಟು, ಅದು ಮುಳುಗುವ ಹೊತ್ತನ್ನು ಒಂದು ಗಳಿಗೆಯೆಂದು ಎಣಿಸಿ ಮದುವೆಯ ಮುಹೂರ್ತ ನಡೆಸುತ್ತಿದ್ದರು. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ. ಗಳಿಗೆಯ ಲೆಕ್ಕ ಬಲ್ಲವನಿಗೆ ಗಡಿಯಾರ ಅಷ್ಟು ದೂರದ್ದೇನೂ ಅಲ್ಲ ಎಂದು ಅವರಿಗೆ ಸಮಾಧಾನ ಹೇಳುತ್ತೇನೆ. ನಿಜವಾದ ಕಾರಣ ಬೇರೆ. ಅದನ್ನು ಮುಂದೆ ಹೇಳುವೆ.

ನಾನು ಶಾಲೆಯಲ್ಲಿದ್ದ ಕಾಲಕ್ಕೆ ನಮ್ಮ ಊರುಗಳಿಗೆ ರಷ್ಯ ಬಂದದ್ದು ಕಾಗದದ ಮೂಲಕ. ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪಾದ ದಪ್ಪ ಹಾಳೆಗಳಿಂದ ನಾವು ಪುಸ್ತಕಗಳಿಗೆ ಹೊದಿಕೆ ಹಾಕುತ್ತಿದ್ದೆವು. ಗಣಿತದ ಪುಸ್ತಕದ ಮೇಲೆ ಗೋಧಿಯ ಹೊಲ, ಇತಿಹಾಸದ ಮೇಲೆ ಗಗನಯಾತ್ರಿ. ನವಕರ್ನಾಟಕದವರ ಪುಸ್ತಕ ಪ್ರದರ್ಶನಗಳಲ್ಲಿ ಕೈಗೆಟಕುವ ಬೆಲೆಗೆ ಗಾರ್ಕಿ, ಟಾಲ್‌ಸ್ಟಾಯ್ ಸಿಗುತ್ತಿದ್ದರು. ಆದರೆ ಗಡಿಯಾರವೆಂದರೆ ನಮಗೆ ಎಚ್.ಎಂ.ಟಿ. ಮಾತ್ರ. ಇವೆರಡು ಒಂದೇ ಕುಲದವೆಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಸೋವಿಯತ್ ಸರಕಾರವು ಅಮೆರಿಕದ ಓಹಾಯೋ ಪ್ರಾಂತದ ಕ್ಯಾಂಟನ್ ನಗರದಲ್ಲಿ ದಿವಾಳಿಯೆದ್ದಿದ್ದ ಡ್ಯೂಬರ್-ಹ್ಯಾಂಪ್ಡನ್ ಎಂಬ ಗಡಿಯಾರ ಕಂಪನಿಯ ಯಂತ್ರಗಳನ್ನು ಕೊಂಡು ಮಾಸ್ಕೋಗೆ ಸಾಗಿಸಿತು. ಅವುಗಳಿಂದ 1930ರಲ್ಲಿ ಮಾಸ್ಕೋದ ಮೊದಲನೆಯ ಗಡಿಯಾರ ಕಾರ್ಖಾನೆ ಆರಂಭವಾಯಿತು. ನಮ್ಮಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದುಸ್ತಾನ್ ಮಶೀನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರದ ಕಾರ್ಖಾನೆಯನ್ನು ಕಟ್ಟಿತು. ಅಲ್ಲಿ ತಯಾರಾದ ಮೊದಲ ಗಡಿಯಾರಗಳನ್ನು ನೆಹರೂ ಅವರು ಬಿಡುಗಡೆ ಮಾಡಿದರು. ಯಂತ್ರ, ವಿದ್ಯೆ ಎರಡನ್ನೂ ಪರದೇಶದಿಂದ ತಂದು, ಸ್ವಿಸ್ ಗಡಿಯಾರವನ್ನು ಕನಸಿನಲ್ಲಿಯೂ ಕೊಳ್ಳಲಾರದ ಗುಮಾಸ್ತ, ಮಾಸ್ತರ, ರೈಲ್ವೆ ನೌಕರರ ಮಣಿಕಟ್ಟಿಗೆ ಒಂದು ಗಟ್ಟಿಮುಟ್ಟಾದ ಗಡಿಯಾರವನ್ನು ಕಟ್ಟಿದ ಕೆಲಸ ಎರಡೂ ಕಡೆಯದು. ಹೆಸರುಗಳನ್ನು ನೋಡಿರಿ. ಅಲ್ಲಿ ಪೊಬೇದ ಎಂದರೆ ವಿಜಯ, ಸ್ಲಾವ ಎಂದರೆ ಕೀರ್ತಿ, ಪೊಲ್ಯೋತ್ ಎಂದರೆ ಹಾರಾಟ, ವಸ್ತೋಕ್ ಎಂದರೆ ಪೂರ್ವದಿಕ್ಕು, ಲೂಚ್ ಎಂದರೆ ಕಿರಣ. ಇಲ್ಲಿ ಜನತಾ, ಜವಾನ್, ಕಾಂಚನ, ಸೋನಾ, ಪೈಲಟ್. ಅವರದು ಭಾವನಾಮಗಳ ಕಡೆ ಒಲವು, ನಮ್ಮದು ಮನುಷ್ಯರ ಹಾಗೂ ಬಂಗಾರದ ಕಡೆ. ವ್ಯಾಕರಣದವನ ಕಣ್ಣಿಗೆ ಬಿದ್ದ ಮಾತು ಇದು, ಮನ್ನಿಸಬೇಕು.

ನಮ್ಮ ತಂದೆಯವರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. 1972ರಲ್ಲಿ ಹುಬ್ಬಳ್ಳಿಯ ಅಂಗಡಿಯಲ್ಲಿ ಹೆಸರು ಬರೆಸಿ, ತಿಂಗಳುಗಟ್ಟಲೆ ಕಾದು, ಒಂದು ಎಚ್.ಎಂ.ಟಿ. ಜನತಾ ಕೊಂಡು ತಂದರು. ಬಿಳಿಯ ಮುಖ, ಉಕ್ಕಿನ ಮೈ, ಹದಿನೇಳು ರತ್ನಗಳ ಮಶೀನು. ಪ್ರತಿನಿತ್ಯ ಬೆಳಗಿನ ವಾರ್ತೆಗೆ ಮೊದಲು ರೇಡಿಯೋದಲ್ಲಿ ಬರುತ್ತಿದ್ದ ಪಿಂ ಪಿಂ ಸದ್ದಿಗೆ ಮುಳ್ಳನ್ನು ಸರಿಪಡಿಸಿ ಚಾವಿ ಕೊಡುವರು. ಅವರು ಚಾವಿ ಕೊಡುವಾಗ ಮನೆಯಲ್ಲಿ ಯಾರೂ ಮಾತನಾಡಬಾರದು. ಸಂತೆಯ ದಿನಗಳಾದ ಸೋಮವಾರ, ಗುರುವಾರ ಮೆಣಸಿನಕಾಯಿಯ ರಾಶಿಗಳ ನಡುವೆ ಅಡ್ಡಾಡಿ ಬಂದ ಕೈ ಅದು. ಬ್ಯಾಡಗಿಯ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣದ ಧೂಳು ಯಾವ ಸಂದಿಯಿಂದ ಒಳಹೊಕ್ಕಿತೋ ತಿಳಿಯದು, ವರ್ಷಗಳು ಕಳೆದಂತೆ ಗಡಿಯಾರದ ಮುಖದ ಮೇಲೆ ಆರರ ಅಂಕಿಯ ಸುತ್ತ ಕೆಂಪು ಛಾಯೆಯೊಂದು ಕಾಣಿಸಿಕೊಂಡಿತು. ಕುಂಕುಮ ಬಿದ್ದ ಕಾಗದದಂತೆ.

ತಂದೆಯವರು 2009ರಲ್ಲಿ ತೀರಿಕೊಂಡರು. ನಿಂತುಹೋಗಿದ್ದ ಆ ಗಡಿಯಾರವನ್ನು ಮರುವರ್ಷ ದೊಡ್ಡ ಊರೊಂದರ ಅಂಗಡಿಯಲ್ಲಿ ಸರ್ವಿಸ್ ಮಾಡಲು ಕೊಟ್ಟೆ. ಅಂಗಡಿಯವರು ಹದಿನೈದು ದಿನ ಬಿಟ್ಟು ಮರಳಿಸಿದಾಗ ಗಡಿಯಾರ ನಡೆಯುತ್ತಿತ್ತು. ಆದರೆ ಅದರ ಮುಖವನ್ನು ಅಳಿಸಿ ಹೊಸ ಬಣ್ಣ ಬಳಿದು, ಹೊಸದಾಗಿ ಅಕ್ಷರಗಳನ್ನು ಅಚ್ಚೊತ್ತಿದ್ದರು. "ಹೊಸಾದ್ರಂಗ ಆತಲ್ರೀ" ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಕೇಳದೆ ಮಾಡಿದ ಆ ಉಪಕಾರಕ್ಕೆ ಪ್ರತ್ಯೇಕ ಹಣವನ್ನೂ ತೆಗೆದುಕೊಂಡರು. ನಾನು ಜಗಳವಾಡಲಿಲ್ಲ. ಮನೆಗೆ ತಂದು ಕಪಾಟಿನಲ್ಲಿಟ್ಟೆ. ಆರು ತಿಂಗಳಲ್ಲಿ ಅದು ಮತ್ತೆ ನಿಂತಿತು. ನನಗೆ ಗಡಿಯಾರದ ಹುಚ್ಚು ಹಿಡಿದದ್ದು ಆಮೇಲೆ. ಹೋದ ಮುಖಕ್ಕೆ ಹೋಲುವ ಇನ್ನೊಂದು ಮುಖ ಎಲ್ಲಿಯಾದರೂ ಸಿಕ್ಕೀತೆಂದು ಹುಡುಕುತ್ತ ಹೊರಟವನು ಮಾರುವವರ ವಿದ್ಯೆಯನ್ನೆಲ್ಲ ಒಂದೊಂದಾಗಿ ಕಲಿತೆ. ಆ ವಿದ್ಯೆಯನ್ನೇ ಕೊಳ್ಳುವವರಿಗೆ ಈಗ ಹೇಳಹೊರಟಿದ್ದೇನೆ.

ಮೊದಲು ಒಂದು ಮಾತು. ಕೇವಲ ವೇಳೆ ತಿಳಿಯಬೇಕೆನ್ನುವವರು ಈ ಗಡಿಯಾರಗಳನ್ನು ಕೊಳ್ಳಬೇಕಾಗಿಲ್ಲ. ಐದುನೂರು ರೂಪಾಯಿಯ ಬ್ಯಾಟರಿ ಗಡಿಯಾರ ಇವೆಲ್ಲಕ್ಕಿಂತ ಸರಿಯಾದ ವೇಳೆ ತೋರಿಸುತ್ತದೆ. ಚಾವಿಯ ಗಡಿಯಾರದ ಸಮತೋಲನ ಚಕ್ರ ಸೆಕೆಂಡಿಗೆ ಐದು ಬಾರಿ, ಗಂಟೆಗೆ 18,000 ಬಾರಿ ಅತ್ತಿತ್ತ ತೂಗುತ್ತದೆ. ದಿನಕ್ಕೆ ಅರ್ಧ ನಿಮಿಷ ಹಿಂದೆಮುಂದೆ ಆದರೆ ಅದನ್ನು ಒಳ್ಳೆಯ ಗಡಿಯಾರವೆಂದೇ ತಿಳಿಯಬೇಕು. ಹದಿನೇಳು ರತ್ನ ಎಂದು ಮುಖದ ಮೇಲೆ ಬರೆದಿರುವುದನ್ನು ಓದಿ ಒಳಗೆ ಬೆಲೆಬಾಳುವ ಹರಳುಗಳಿವೆಯೆಂದು ಭ್ರಮಿಸಿದವರನ್ನು ಕಂಡಿದ್ದೇನೆ. ಅವು ಕೃತಕವಾಗಿ ತಯಾರಿಸಿದ ಮಾಣಿಕ್ಯದ ಚೂರುಗಳು. ಚಕ್ರಗಳ ತುದಿ ಸವೆಯದಂತೆ ಕೂಡಿಸಿದ ಗುಳಿಗಳು. ಮಾರಿದರೆ ಕಾಸೂ ಹುಟ್ಟದು.

ಎಚ್.ಎಂ.ಟಿ.ಯಲ್ಲಿ ಕೊಳ್ಳುವವರು ಹೆಚ್ಚಾಗಿ ಕೇಳುವುದು ನಾಲ್ಕೈದು ಬಗೆ. ಜನತಾ ಎಲ್ಲಕ್ಕೂ ಸರಳ. ಕರಿಯ ಮುಖದ ಪೈಲಟ್ ಈಗಿನ ತರುಣರಿಗೆ ಅಚ್ಚುಮೆಚ್ಚು. ಸೋನಾ ತೆಳುವಾದ ಹೊಂಬಣ್ಣದ ಗಡಿಯಾರ, ರೇಷ್ಮೆ ಅಂಗಿಗೆ ಒಪ್ಪುವಂಥದು. ಕಾಂಚನ ತಾನೇ ಚಾವಿ ತೆಗೆದುಕೊಳ್ಳುವ ಜಾತಿಯದು, ಕೈ ಆಡಿದರೆ ಸಾಕು. ಒಂದು ಕಾಲಕ್ಕೆ ವರೋಪಚಾರದ ಪಟ್ಟಿಯಲ್ಲಿ ಕಾಂಚನ ಇಲ್ಲವೆಂದು ಮುಖ ಸಿಂಡರಿಸಿದ ಬೀಗರುಂಟು. ಕುರುಡರಿಗಾಗಿ ಗಾಜನ್ನು ತೆರೆದು ಮುಳ್ಳನ್ನು ಮುಟ್ಟಿ ನೋಡುವ ಬ್ರೈಲ್ ಗಡಿಯಾರವನ್ನೂ ಈ ಕಾರ್ಖಾನೆ ಮಾಡಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಎಂಬತ್ತರ ದಶಕದಲ್ಲಿ ಬ್ಯಾಟರಿಯ ಗಡಿಯಾರಗಳು ಬಂದವು, 1984ರಲ್ಲಿ ಟೈಟನ್ ಹುಟ್ಟಿತು. ಎಚ್.ಎಂ.ಟಿ. ಆಮೇಲೆ ಚೇತರಿಸಿಕೊಳ್ಳಲಿಲ್ಲ. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆಯಿತ್ತಿತು. ತುಮಕೂರಿನ ಕಾರ್ಖಾನೆಯ ನೆಲ ಇಸ್ರೋ ಸಂಸ್ಥೆಗೆ ಹೋಯಿತು. ಕಾರ್ಖಾನೆ ಮುಚ್ಚಿತೆಂಬ ಸುದ್ದಿ ಹರಡಿದ್ದೇ ತಡ, ಮೂಲೆಗೆ ಬಿದ್ದಿದ್ದ ಗಡಿಯಾರಗಳಿಗೆ ಬೆಲೆ ಬಂತು. ಬದುಕಿದ್ದಾಗ ಕೇಳದವರು ಸತ್ತ ಮೇಲೆ ಸಾಲುಗಟ್ಟಿದರು.

ಬೆಲೆಯ ವಿಷಯ. ನಾನು ಹೇಳುವುದು ಈಚೆಗೆ ನಾನೇ ಕೇಳಿದ, ಕೊಟ್ಟ ಬೆಲೆ, ಪೇಟೆಯ ಶಾಸನವಲ್ಲ. ಹಳೆಯ ಜನತಾ ಸಾವಿರ ರೂಪಾಯಿಯ ಆಚೀಚೆ ಧಾರಾಳವಾಗಿ ಸಿಗುತ್ತದೆ. ಅದೇ ಹಣಕ್ಕೆ ಕಿತ್ತಳೆ, ನವಿಲುನೀಲಿ, ಗಿಳಿಹಸಿರು ಮುಖದ ಜನತಾಗಳೂ ಥಳಥಳನೆ ಬರುತ್ತವೆ. ಅವು ಬೇಡ. ಅಂಥ ಬಣ್ಣಗಳ ಬಹುಪಾಲು ಕಾರ್ಖಾನೆಯನ್ನು ಕಂಡವಲ್ಲ. ಹತ್ತು ಗಡಿಯಾರಗಳ ಎಲುಬು ಕೂಡಿಸಿ ಒಂದು ಮಾಡಿ, ಮೇಲೆ ಬಣ್ಣ ಬಳಿದು ಮಾರುವ ದೊಡ್ಡ ಕಸುಬೇ ಇದೆ. ಒಬ್ಬನೇ ಮಾಲೀಕನ ಕೈಯಲ್ಲಿದ್ದು, ಮುಖ ಹಳದಿಗಟ್ಟಿದ, ಮೈಯ ಅಂಚು ಸವೆಯದ ಗಡಿಯಾರಕ್ಕೆ ಎರಡು ಸಾವಿರ ಕೊಟ್ಟರೂ ಮೋಸವಿಲ್ಲ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಪೆಟ್ಟಿಗೆ, ಚೀಟಿಗಳ ಸಮೇತದ ಗಡಿಯಾರಕ್ಕೆ ಅದರ ಎರಡರಷ್ಟು ಮೂರರಷ್ಟು ಕೇಳುತ್ತಾರೆ.

ರಷ್ಯದ ಗಡಿಯಾರಗಳದು ಇನ್ನೊಂದು ಲೆಕ್ಕ. ಪೊಬೇದ ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ ಬಂದ ಗಡಿಯಾರ, ಹದಿನೈದು ರತ್ನದ್ದು. ಹಳೆಯ ಪೊಬೇದಗಳ ಮುಳ್ಳು ಕತ್ತಲಲ್ಲಿ ಬೆಳಗಲೆಂದು ಹಚ್ಚಿದ ರೇಡಿಯಂ ಬಣ್ಣವಿದ್ದರೆ ಅದನ್ನು ಉಗುರಿನಿಂದ ಕೆರೆಯಬೇಡಿ, ಆ ಧೂಳು ಒಳ್ಳೆಯದಲ್ಲ. ಯೂರಿ ಗಗಾರಿನ್ 1961ರ ಏಪ್ರಿಲ್ 12ರಂದು ಭೂಮಿಯನ್ನು ಸುತ್ತಿದಾಗ ಕಟ್ಟಿಕೊಂಡಿದ್ದುದು ಮಾಸ್ಕೋದ ಮೊದಲನೆಯ ಕಾರ್ಖಾನೆಯ ಶ್ತುರ್ಮಾನ್‌ಸ್ಕಿಯೆ. ಅದರ ಹೆಸರಿನಲ್ಲಿ ಇಂದು ಕೇಳುವ ಬೆಲೆ ನಮ್ಮಂಥವರ ನಿವೃತ್ತಿವೇತನಕ್ಕೆ ನಿಲುಕದ್ದು. ಆ ಯಾನದ ನೆನಪಿಗೆಂದೇ ಪೀಟರ್ಹೋಫ್ ಊರಿನ ಕಾರ್ಖಾನೆ ತನ್ನ ಗಡಿಯಾರಗಳಿಗೆ ರಕೇತ ಎಂದು ಹೆಸರಿಟ್ಟಿತು. ಆ ಕಾರ್ಖಾನೆಯ ಮೂಲ 1721ರಲ್ಲಿ ಪೀಟರ್ ಚಕ್ರವರ್ತಿ ತೆರೆಸಿದ ಹರಳು ಕೊರೆಯುವ ಶಾಲೆ. ಹಗಲು ರಾತ್ರಿಯ ಭೇದ ತಿಳಿಯದ ಧ್ರುವಪ್ರದೇಶದವರಿಗೆ ಇಪ್ಪತ್ತನಾಲ್ಕು ಗಂಟೆಯ ಮುಖದ ಗಡಿಯಾರವನ್ನೂ ಅವರು ಮಾಡಿದರು. ಸ್ಲಾವದ ಒಳಗೆ ಒಂದರ ಬದಲು ಎರಡು ಸ್ಪ್ರಿಂಗುಗಳಿರುತ್ತವೆ. ತೆರೆದು ನೋಡಲು ಚೆಂದ, ರಿಪೇರಿಯವರಿಗೆ ಮಾತ್ರ ಬೇಸರ.

ವಸ್ತೋಕ್ ಕಾರ್ಖಾನೆ ಇರುವುದು ಕಾಮಾ ನದಿಯ ದಂಡೆಯ ಚಿಸ್ತೊಪೊಲ್‌ನಲ್ಲಿ. 1941ರಲ್ಲಿ ಜರ್ಮನರ ದಾಳಿಗೆ ಹೆದರಿ ಮಾಸ್ಕೋದ ಯಂತ್ರಗಳನ್ನು ಅಲ್ಲಿಗೆ ಸಾಗಿಸಿದ್ದರು. ಸೈನಿಕರ ಕೊಮಾಂದಿರ್‌ಸ್ಕಿಯೆ, 1967ರಲ್ಲಿ ಬಂದ ನೀರಿಗಿಳಿಯುವವರ ಅಂಫೀಬಿಯಾ ಎರಡೂ ಅಲ್ಲಿಯವು. ಅಂಫೀಬಿಯಾದ ಚಾವಿಯನ್ನು ಬಿಚ್ಚಿ ಎಳೆದರೆ ಸಡಿಲಾದ ಹಲ್ಲಿನಂತೆ ಅಲುಗಾಡುತ್ತದೆ. ಮುರಿದಿದೆಯೆಂದು ಬೆದರಬೇಡಿ, ಪೆಟ್ಟು ಬಿದ್ದರೆ ಒಳಗಿನ ಕಡ್ಡಿ ಬಾಗದಿರಲೆಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಈ ಸಾಮಾನ್ಯ ಜಾತಿಯ ಹಳೆಯ ರಷ್ಯನ್ ಗಡಿಯಾರಗಳು ನಮ್ಮಲ್ಲಿ ಎರಡು ಸಾವಿರದಿಂದ ಎಂಟು ಹತ್ತು ಸಾವಿರದವರೆಗೆ ಕೈ ಬದಲಾಯಿಸುತ್ತವೆ. 2022ರ ಯುದ್ಧದ ತರುವಾಯ ಅಲ್ಲಿಂದ ನೇರವಾಗಿ ತರಿಸುವುದು, ಹಣ ಕಳಿಸುವುದು ಕಷ್ಟವಾಗಿದೆ. ಆದ್ದರಿಂದ ನಮ್ಮಲ್ಲಿ ಆಗಲೇ ಇರುವ ಗಡಿಯಾರಕ್ಕೆ ಕೇಳಿದವನದೇ ಬೆಲೆ.

ಇನ್ನು ಪರೀಕ್ಷೆ. ಕೊಳ್ಳುವವರು ಗಡಿಯಾರದ ಮುಖ ನೋಡಿ ಮರುಳಾಗುತ್ತಾರೆ. ನಾನು ಹೇಳುವುದು, ಮೊದಲು ಬೆನ್ನು ತೆಗೆಸಿ ನೋಡಿರಿ. ಬೆನ್ನು ತೆಗೆಯಲು ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬನ್ನಿರಿ. ಎಚ್.ಎಂ.ಟಿ. ಆದರೆ ಮಶೀನಿನ ಮೇಲೆ ಎಚ್.ಎಂ.ಟಿ. ಮುದ್ರೆ ಇರಬೇಕು. ಸೋವಿಯತ್ ಗಡಿಯಾರಗಳಲ್ಲಿ ಇನ್ನೂ ಒಂದು ಅನುಕೂಲವಿದೆ, ಮಶೀನಿನ ಮೇಲೆ ನಾಲ್ಕಂಕಿಯ ಸಂಖ್ಯೆ ಕೆತ್ತಿರುತ್ತಾರೆ. ಮೊದಲ ಎರಡಂಕಿ ಅದರ ಅಗಲ, ಮಿಲಿಮೀಟರಿನಲ್ಲಿ. ಉಳಿದೆರಡು ಅದರ ಗುಣ. 2609 ಎಂದರೆ ಇಪ್ಪತ್ತಾರು ಮಿಲಿಮೀಟರಿನ, ನಡುವೆ ಸೆಕೆಂಡು ಮುಳ್ಳಿರುವ, ತಾರೀಕಿಲ್ಲದ ರಕೇತ. 2414 ಎಂದರೆ ಇಪ್ಪತ್ತನಾಲ್ಕು ಮಿಲಿಮೀಟರಿನ, ತಾರೀಕಿರುವ ಮಶೀನು. ಮುಖದ ಮೇಲೆ ರಕೇತ ಎಂದಿದ್ದು ಒಳಗೆ ಬೇರೆ ಕಾರ್ಖಾನೆಯ ಸಂಖ್ಯೆ ಕಂಡರೆ ಅದು ಕೂಡಿಸಿದ ಸರಕು. ಬೆನ್ನು ಮುಚ್ಚಿದ ಮೇಲೆ ಮುಖಕ್ಕೆ ಬನ್ನಿ. ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚನ್ನು ನೋಡಿ. ಕಾರ್ಖಾನೆಯ ಅಚ್ಚು ಕೂದಲಿನಷ್ಟು ನೇರ, ಮರುಬಳಿದದ್ದು ಮಸಿ ಹರಡಿದಂತೆ. ನಿಮಿಷದ ಗೀಟುಗಳು ಅಂಚಿನವರೆಗೆ ಸಮನಾಗಿವೆಯೋ ನೋಡಿ. ಐವತ್ತು ವರ್ಷ ನಡೆದ ಗಡಿಯಾರದ ಮುಖ ನಿನ್ನೆಯ ಹಾಲಿನಂತೆ ಬೆಳ್ಳಗಿದ್ದರೆ ಸಂಶಯಪಡಿ. ಕೊನೆಗೆ ಚಾವಿ ಕೊಟ್ಟು, ಮುಖ ಮೇಲೆ, ಮುಖ ಕೆಳಗೆ, ನಿಲ್ಲಿಸಿ, ಹೀಗೆ ಮೂರು ರೀತಿ ಇಟ್ಟು ನಡೆಯುವುದೋ ಕೇಳಿ. ಒಂದು ದಿನ ಮನೆಯಲ್ಲಿಟ್ಟುಕೊಳ್ಳಲು ಕೊಡುವವರಾದರೆ ಅವರೇ ಸಜ್ಜನರು.

ಬೆಲೆಯ ಜೊತೆಗೆ ಸರ್ವಿಸಿನ ಖರ್ಚನ್ನು ಕೂಡಿಸಿಕೊಂಡೇ ಲೆಕ್ಕ ಹಾಕಬೇಕು. ಹಾವೇರಿಯಲ್ಲಿ ನಾನು ಕೊಡುವುದು ಐದುನೂರರ ಸುಮಾರು. ಆದರೆ ಕೊಡುವ ಹಣಕ್ಕಿಂತ ಮಾಡುವ ಮನುಷ್ಯ ಸಿಗುವುದು ದುರ್ಲಭ. ನಾನು ಚಿಕ್ಕವನಿದ್ದಾಗ ಬ್ಯಾಡಗಿಯ ಪೇಟೆಯಲ್ಲಿ, ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಸುತ್ತ, ಹಾವೇರಿಯ ಓಣಿಗಳಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕಣ್ಣಿಗೆ ಕರಿಯ ಕನ್ನಡಿ ಸಿಕ್ಕಿಸಿಕೊಂಡು ಕುಳಿತವರು ಹಲವರಿದ್ದರು. ಈಗ ಆ ಪೆಟ್ಟಿಗೆಗಳಲ್ಲಿ ಮೊಬೈಲಿನ ಕವಚಗಳು ತೂಗುತ್ತಿವೆ. ಉಳಿದವರು ಬ್ಯಾಟರಿ ಹಾಕುತ್ತಾರೆ, ಬೆಲ್ಟು ಬದಲಿಸುತ್ತಾರೆ. ಚಕ್ರ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಎಣ್ಣೆ ಬಿಡಬಲ್ಲವರು ಮೂರೂ ಊರು ಸೇರಿ ಬೆರಳೆಣಿಕೆಗೂ ಸಾಲರು. ಜನತಾದ ಬಿಡಿಭಾಗ ಇನ್ನೂ ಸಿಗುತ್ತದೆ. ರಷ್ಯದ ಗಡಿಯಾರದ ಸ್ಪ್ರಿಂಗು ಮುರಿದರೆ ಇನ್ನೊಂದು ಸತ್ತ ರಷ್ಯನ್ ಗಡಿಯಾರವನ್ನೇ ಹುಡುಕಬೇಕು. ಆದ್ದರಿಂದ ಮೊದಲ ಬಾರಿಗೆ ಕೊಳ್ಳುವವರಿಗೆ ನನ್ನ ಸಲಹೆ ಜನತಾ. ರಕೇತ ಆಮೇಲೆ.

ಆದರೆ ನನ್ನ ವಿದ್ಯಾರ್ಥಿ ಆಗಲೇ ರಕೇತಕ್ಕೆ ಮನಸೋತಿದ್ದ. ಮಾರುವವರು ಎರಡು ದಿನದ ಮಟ್ಟಿಗೆ ಗಡಿಯಾರವನ್ನು ಅವನ ಕೈಯಲ್ಲಿ ಕೊಟ್ಟಿದ್ದರು. ಅವನು ಹಾವೇರಿಗೆ ಬಂದ. ಇಬ್ಬರೂ ಕೂಡಿ ನನ್ನ ಪರಿಚಯದ ರಿಪೇರಿಯವರ ಬಳಿ ಹೋದೆವು. ಹೊರಡುವಾಗ ಏನನ್ನಿಸಿತೋ, ಕಪಾಟಿನಲ್ಲಿದ್ದ ತಂದೆಯವರ ಜನತಾವನ್ನೂ ಜೇಬಿಗೆ ಹಾಕಿಕೊಂಡೆ.

ಅವರು ರಕೇತದ ಬೆನ್ನು ತೆಗೆದರು. ಒಳಗೆ 2609 ಸ್ಪಷ್ಟವಾಗಿತ್ತು. ಮುಖವೂ ಮೂಲದ್ದೇ. ಬಹಳ ಹೊತ್ತು ನೋಡಿದ ಮೇಲೆ, "ಮಶೀನು ಬೇಷೈತ್ರೀ ಮಾಸ್ತರ್ರ. ಸೆಕೆಂಡ್ ಮುಳ್ಳು ಮಾತ್ರ ನಮ್ಮದು, ಜನತಾದ್ದು" ಎಂದರು. ಎಲ್ಲಿಯೋ ಯಾರೋ ಮುರಿದ ರಷ್ಯನ್ ಮುಳ್ಳಿನ ಜಾಗಕ್ಕೆ ಬೆಂಗಳೂರಿನ ಮುಳ್ಳನ್ನು ಕೂಡಿಸಿದ್ದರು. ಆ ಒಂದು ಮುಳ್ಳಿನ ಲೆಕ್ಕದಲ್ಲಿ ಹುಡುಗ ಐದುನೂರು ಕಡಿಮೆ ಮಾಡಿಸಿ ಮೂರು ಸಾವಿರಕ್ಕೆ ಕೊಂಡುಕೊಂಡ. ಮುಳ್ಳನ್ನು ಬದಲಿಸುವುದಿಲ್ಲವಂತೆ.

ಆಮೇಲೆ ನಾನು ಜನತಾವನ್ನು ಕೊಟ್ಟೆ. ಅದರ ಹೊಸ ಮುಖವನ್ನು ಅವರು ಒಮ್ಮೆ ನೋಡಿ ಸುಮ್ಮನಾದರು. ಬೆನ್ನು ತಿರುಗಿಸಿ ತೆರೆದವರೇ ಜೋರಾಗಿ ಸೀನಿದರು. ಮತ್ತೊಮ್ಮೆ ಸೀನಿ, ಕಣ್ಣಿನ ಕನ್ನಡಿ ತೆಗೆದು, "ಇದು ಬ್ಯಾಡಗಿದೇನ್ರೀ?" ಎಂದು ಕೇಳಿದರು. ಮಶೀನಿನ ಸುತ್ತಿನ ಸಂದಿಯಲ್ಲಿ, ಬೆನ್ನಿನ ಒಳಅಂಚಿನಲ್ಲಿ, ದಾರದೆಳೆಯಷ್ಟು ಕೆಂಪು ಧೂಳು ಹಾಗೆಯೇ ಇತ್ತು. ಮುಖಕ್ಕೆ ಬಣ್ಣ ಬಳಿದು ಸರ್ವಿಸಿನ ಹಣ ತೆಗೆದುಕೊಂಡವರು ಬೆನ್ನಿನ ಒಳಗನ್ನು ಒರೆಸಿಯೂ ಇರಲಿಲ್ಲ. ಆರು ತಿಂಗಳಲ್ಲಿ ಅದು ನಿಂತದ್ದೇಕೆಂದು ಆಗ ತಿಳಿಯಿತು. ಹದಿನೈದು ವರ್ಷ ಆ ಅಂಗಡಿಯವರ ಮೇಲೆ ನನಗಿದ್ದ ಸಿಟ್ಟು ಆ ಕ್ಷಣದಲ್ಲಿ ಎರಡು ಪಾಲಾಯಿತು; ಒಂದು ಪಾಲು ಇನ್ನೂ ಹೆಚ್ಚಿತು, ಇನ್ನೊಂದು ಪಾಲಿಗೆ ಏನು ಹೆಸರಿಡಬೇಕೋ ನನಗೆ ತಿಳಿಯಲಿಲ್ಲ.

"ಇದನ್ನ ತೊಳೀದಿದ್ರ ಮಶೀನು ನಡಿಯೂದಿಲ್ರೀ" ಎಂದು ಅವರು ಕುಂಚ ಹಿಡಿದು ಕಾದರು. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಮಶೀನನ್ನು ತೊಳೆಯಿರಿ, ಬೆನ್ನಿನ ಮುಚ್ಚಳವನ್ನು ಮಾತ್ರ ಇದ್ದಂತೆ ಬಿಡಿರಿ ಎಂದು ಹೇಳಿದೆ. ಅವರಿಗೆ ಅದು ಸರಿಬೀಳಲಿಲ್ಲ. ಧೂಳು ಮತ್ತೆ ಒಳಗಿಳಿಯುತ್ತದೆ, ವರ್ಷದೊಳಗೆ ಇನ್ನೊಮ್ಮೆ ತೊಳೆಯಬೇಕಾಗುತ್ತದೆ, ಇನ್ನೊಂದು ಐದುನೂರು ಖರ್ಚು ಎಂದು ಲೆಕ್ಕ ಹೇಳಿದರು. ಲೆಕ್ಕ ಸರಿಯಾಗಿಯೇ ಇತ್ತು. ಹಾಗೇ ಬಿಡಿರೆಂದು ಇನ್ನೊಮ್ಮೆ ಹೇಳಿದೆ.

ಮುಂದಿನ ವಾರ ಹೋಗಿ ತಂದೆ. ಈಗ ದಿನಕ್ಕೆ ನಲವತ್ತು ಸೆಕೆಂಡು ಮುಂದೆ ನಡೆಯುತ್ತಿದೆ. ಬೆಳಗಿನ ವಾರ್ತೆಯ ಹೊತ್ತಿಗೆ ಸರಿಪಡಿಸುತ್ತೇನೆ.